ಶೆಡ್ಡಿನ ಹುಡುಗರ ದೇವರ ಹಾಡು!

'ಈಜಿ ರೈಡರ್' ನೋಡಿದ್ದೀರಾ? 1969ರ ಚಿತ್ರ, ಡೆನ್ನಿಸ್ ಹಾಪರ್ ನಿರ್ದೇಶನ. ಇಬ್ಬರು ಮೋಟಾರ್ ಸೈಕಲ್ ಏರಿ ಅಮೆರಿಕ ಸುತ್ತುವ ಕಥೆ. ನೋಡಿದವರೆಲ್ಲ ಆ ಬೈಕುಗಳ ಬಗ್ಗೆಯೇ ಮಾತಾಡ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಒಂದು ಹಾಡು. ಇಬ್ಬರೂ ನ್ಯೂ ಆರ್ಲಿಯನ್ಸ್ ಸೇರಿ ವೇಶ್ಯಾಗೃಹಕ್ಕೆ ಹೋಗುವ ಹೊತ್ತಿಗೆ ಹಿನ್ನೆಲೆಯಲ್ಲಿ ಚರ್ಚಿನ ಪ್ರಾರ್ಥನೆ! ಅದೂ ಹೇಗೆ? ಮೆಲ್ಲಗೆ ಆರ್ಗನ್ ಜೊತೆ ಅಲ್ಲ ಸ್ವಾಮಿ, ಗೊರಗೊರ ಅನ್ನುವ ಎಲೆಕ್ಟ್ರಿಕ್ ಗಿಟಾರಿನ ಜೊತೆ. 'ಕಿರಿಯೆ ಎಲೈಸನ್' ಅಂದರೆ ಗ್ರೀಕ್ ಭಾಷೆಯಲ್ಲಿ 'ಕರ್ತನೇ, ಕರುಣಿಸು' ಎಂದರ್ಥ. ನಾನು ಕ್ರೈಸ್ತನಲ್ಲ. ಆದರೂ ಆ ರಾತ್ರಿ ಆ ಜಾಗವನ್ನೇ ನಾಲ್ಕು ಸಲ ಹಿಂದಕ್ಕೆ ತಿರುಗಿಸಿ ನೋಡಿದೆ.

ಹಾಡಿದ ತಂಡ ಯಾವುದು? ಲಾಸ್ ಏಂಜಲೀಸಿನ 'ದಿ ಎಲೆಕ್ಟ್ರಿಕ್ ಪ್ರೂನ್ಸ್'. ಬೀಟಲ್ಸ್ 1964ರಲ್ಲಿ ಅಮೆರಿಕದ ಟಿ.ವಿ.ಯಲ್ಲಿ ಕಾಣಿಸಿಕೊಂಡದ್ದೇ ತಡ, ಊರೂರಿನ ಹುಡುಗರು ಅಪ್ಪನ ಕಾರು ನಿಲ್ಲುವ ಶೆಡ್ಡಿನಲ್ಲಿ ಡ್ರಮ್ಸ್ ಹೂಡಿಕೊಂಡು ಬಡಿಯತೊಡಗಿದ್ದರು. ಮೂರು ಸ್ವರ, ಒಂದು ಕೂಗು, ಗಿಟಾರಿನ ನಾದವನ್ನು ಬೇಕೆಂದೇ ಒಡೆಯುವ ಒಂದು ಪುಟ್ಟ 'ಫಜ್' ಪೆಟ್ಟಿಗೆ. ಇಷ್ಟೇ ಬಂಡವಾಳ. ಅದಕ್ಕೇ 'ಗ್ಯಾರೇಜ್ ರಾಕ್' ಅನ್ನುವ ಹೆಸರು. ಪ್ರೂನ್ಸ್ ಹುಡುಗರೂ ಆ ಜಾತಿಯವರೇ. ಒಂದು ಹಾಡು ಜೋರಾಗಿ ಓಡಿತು. ಆಮೇಲೆ ಡೇವಿಡ್ ಆಕ್ಸೆಲ್‌ರಾಡ್ ಎಂಬ ಪಂಡಿತ ಇಡೀ ಪೂಜಾವಿಧಿಗೆ ರಾಕ್ ಸಂಗೀತ ಬರೆದುಕೊಟ್ಟ. 1968ರಲ್ಲಿ 'ಮಾಸ್ ಇನ್ ಎಫ್ ಮೈನರ್' ಹೊರಬಂತು. ಹುಡುಗರಿಗೋ ಆ ಸ್ವರಲಿಪಿ ಬೇಗ ಹತ್ತಲೊಲ್ಲದು! ಸ್ಟುಡಿಯೋ ಗಡಿಯಾರ ಕಾಯುತ್ತದೆಯೇ? ಬೇರೆ ವಾದ್ಯಗಾರರನ್ನು ಕರೆಸಿ ಕೆಲಸ ಮುಗಿಸಿದರು. ರೆಕಾರ್ಡಿನ ಮೇಲೆ ಹೆಸರು ಮಾತ್ರ ಪ್ರೂನ್ಸ್. ಸ್ವಲ್ಪ ದಿನಕ್ಕೆ ಮೂಲ ತಂಡವೇ ಚದುರಿತು. ಹೆಸರು ಬೇರೆಯವರ ಪಾಲಾಗಿ ಮತ್ತೂ ಎರಡು ರೆಕಾರ್ಡು ಬಂದವು.

ಇದನ್ನು ಓದಿ ನನಗೆ ನಗು ಬರಲಿಲ್ಲ.

ಸೆಕೆಂಡ್ ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು ನಾನು. ಬಿಟ್ಟದ್ದು ಡ್ರಮ್ಸಿಗಾಗಿ. ಗೆಳೆಯನ ಅಪ್ಪನ ಹಿಟ್ಟಿನ ಗಿರಣಿಯ ಹಿಂದಿನ ಶೆಡ್ಡಿನಲ್ಲಿ ನಾವು ನಾಲ್ವರು ಸಂಜೆ ಸೇರುತ್ತಿದ್ದೆವು. ಗಿರಣಿ ನಿಲ್ಲುವವರೆಗೆ ಒಬ್ಬರ ವಾದ್ಯ ಒಬ್ಬರಿಗೆ ಕೇಳಿಸುತ್ತಿರಲಿಲ್ಲ, ನಿಂತ ಮೇಲೆ ಕೇಳಿಸುತ್ತಿತ್ತಲ್ಲ ಅನ್ನೋದೇ ಬೇಜಾರು! ಕೊನೆಗೂ ಒಂದು ಗಣೇಶನ ಪೆಂಡಾಲಿನಲ್ಲಿ ಅವಕಾಶ ಸಿಕ್ಕಿತು. ವೇದಿಕೆ ಹತ್ತಿದ ಮೇಲೆ ಆರ್ಕೆಸ್ಟ್ರಾ ಯಜಮಾನರು ಕಿವಿಯಲ್ಲಿ ಹೇಳಿದರು: "ನೀವು ಸುಮ್ನೆ ಕೈ ಆಡಿಸ್ರಪ್ಪ. ಹಾಡು ಪೆನ್ ಡ್ರೈವಲ್ಲಿದೆ." ಎರಡು ಗಂಟೆ ಕಾಲ ಡ್ರಮ್ಸಿಗೆ ತಾಗದ ಹಾಗೆ ಕಡ್ಡಿ ಆಡಿಸಿದೆ. ಜನ ಚಪ್ಪಾಳೆ ಬೇರೆ ಹೊಡೆದರು. ಮುಂದಿನ ಸಾಲಿನಲ್ಲಿ ನಮ್ಮಪ್ಪ ಕೂತಿದ್ದರು. ಮನೆಗೆ ಬಂದ ಮೇಲೆ ಅವರು ಏನೂ ಕೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅದಕ್ಕೇ ಪ್ರೂನ್ಸ್ ಬಿಟ್ಟು, ತಮ್ಮ ಕೈಯಾರೆ ದೇವರ ಹಾಡು ಬಡಿದವರನ್ನು ಹುಡುಕುತ್ತಾ ಹೋದೆ. ಸಿಕ್ಕವರು 'ದಿ ಕ್ರುಸೇಡರ್ಸ್'. 1966ರಲ್ಲಿ ಟವರ್ ಕಂಪೆನಿಯಿಂದ ಅವರ ರೆಕಾರ್ಡು ಬಂತು. ಡ್ರಮ್ಸ್ ಗಿಟಾರ್ ಹಿಡಿದು ಆನಂದಘೋಷ ಮಾಡಿರಿ ಅನ್ನುವ ಅರ್ಥದ ಶೀರ್ಷಿಕೆ. ಕ್ರೈಸ್ತ ರಾಕಿನ ಮೊಟ್ಟಮೊದಲ ಎಲ್.ಪಿ. ಇದೇ ಅಂತ ವಾದಿಸುವವರಿದ್ದಾರೆ. ಆ ವರ್ಷ ಯಾವುದು ಗೊತ್ತೇ? ಬೀಟಲ್ಸ್ ಯೇಸುವಿಗಿಂತ ಜನಪ್ರಿಯರು ಎಂಬರ್ಥದ ಜಾನ್ ಲೆನನ್ ಮಾತಿಗೆ ಕೆರಳಿ, ಅಮೆರಿಕದ ದಕ್ಷಿಣದಲ್ಲಿ ಜನ ಬೀಟಲ್ಸ್ ರೆಕಾರ್ಡುಗಳನ್ನು ಬೆಂಕಿಗೆ ಹಾಕಿದ ವರ್ಷ! ಅಂಥ ಕಾಲದಲ್ಲಿ ಅದೇ ಬೀಟಿನ ಮೇಲೆ ಸ್ತುತಿ ಹಾಡಬೇಕಾದರೆ ಗುಂಡಿಗೆ ಬೇಕು.

ಅವರಿಗಿಂತಲೂ ಮುಂಚೆ ಲಂಡನ್ನಿನಲ್ಲಿ 'ಜಾಯ್‌ಸ್ಟ್ರಿಂಗ್ಸ್' ಇದ್ದರು. ಇದು ಸಾಲ್ವೇಷನ್ ಆರ್ಮಿಯ ತಂಡ. ಅವರ ಮುಖ್ಯಸ್ಥ ಜನರಲ್ ಕೌಟ್ಸ್, ನಮ್ಮವರು ಗಿಟಾರ್ ಹಿಡಿದು ಕಾಫಿ ಬಾರಿಗೂ ಹೋಗಬಹುದು ಎಂಬರ್ಥದಲ್ಲಿ 1963ರಲ್ಲಿ ಪತ್ರಿಕೆಯವರ ಮುಂದೆ ಅಂದುಬಿಟ್ಟರು. ಮಾತು ಬಾಯಿಂದ ಬಿತ್ತು, ಪತ್ರಿಕೆಯವರು ಬಿಡ್ತಾರೆಯೇ? ಎಲ್ಲಿ ನಿಮ್ಮ ಗಿಟಾರ್ ತಂಡ ಅಂತ ಕೂತರು. ಆಗ ಕ್ಯಾಪ್ಟನ್ ಜಾಯ್ ವೆಬ್ ಎಂಬ ಹೆಣ್ಣುಮಗಳು ತರಬೇತಿ ಕಾಲೇಜಿನ ಹುಡುಗ ಹುಡುಗಿಯರನ್ನು ಸೇರಿಸಿ ತಂಡ ಕಟ್ಟಿದಳು. ಸಮವಸ್ತ್ರ ತೊಟ್ಟೇ ಗಿಟಾರ್ ನುಡಿಸಿದರು. 1964ರಲ್ಲಿ ಅವರ ಮೊದಲ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 32ನೇ ಸ್ಥಾನಕ್ಕೇರಿತು. ಕೇಳಿ ನೋಡಿ, ನಾದ ಸಾಧಾರಣವೇ. ಹಾಡುವವರ ಗಂಟಲಲ್ಲಿ ಮಾತ್ರ ಅನುಮಾನವಿಲ್ಲ.

ಲ್ಯಾರಿ ನಾರ್ಮನ್ ಹೆಸರು ಬಿಟ್ಟರೆ ಬಲ್ಲವರು ಬೈದಾರು. ನೀಳಗೂದಲಿನ ಹುಡುಗ, 1969ರಲ್ಲಿ ಕ್ಯಾಪಿಟಲ್ ಕಂಪೆನಿಗೆ ಹಾಡಿದ. ಎಷ್ಟೋ ಕ್ರೈಸ್ತ ಪುಸ್ತಕದಂಗಡಿಗಳು ಅವನ ರೆಕಾರ್ಡು ಇಡಲು ಒಪ್ಪಲಿಲ್ಲ. 1972ರ 'ಓನ್ಲಿ ವಿಸಿಟಿಂಗ್ ದಿಸ್ ಪ್ಲಾನೆಟ್' ತಯಾರಾದದ್ದು ಬೀಟಲ್ಸ್ ನಿರ್ಮಾಪಕ ಜಾರ್ಜ್ ಮಾರ್ಟಿನ್‌ರ ಲಂಡನ್ ಸ್ಟುಡಿಯೋದಲ್ಲಿ. ಸೊಗಸಾದ ರೆಕಾರ್ಡೇ. 2008ರಲ್ಲಿ ಆತ ತೀರಿಕೊಂಡ ಮೇಲೆ ಅಮೆರಿಕದ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೂ ಸೇರಿತು. ನನಗೇಕೋ ಅದು ಇಸ್ತ್ರಿ ಮಾಡಿದ ಅಂಗಿಯ ಹಾಗೆ. ನನ್ನ ಜೀವ ಕ್ರುಸೇಡರ್ಸ್ ಹತ್ತಿರವೇ.

ಹೋದ ತಿಂಗಳು ಗಿರಣಿಗೆ ಹೋಗಿದ್ದೆ. ಗಿಟಾರ್ ಹಿಡಿಯುತ್ತಿದ್ದ ಗೆಳೆಯನೇ ಈಗ ರಾಗಿ ಬೀಸ್ತಾನೆ. ಮಧ್ಯಾಹ್ನ ಕರೆಂಟು ಹೋಯಿತು. ಮೊಬೈಲಿನಲ್ಲಿ ಕ್ರುಸೇಡರ್ಸ್ ಹಾಕಿ ಅವನ ಕೈಗೆ ಕೊಟ್ಟೆ. ಹಿಟ್ಟಿನ ಕೈಯಲ್ಲೇ ಹಿಡಿದು ಪೂರ್ತಿ ಕೇಳಿದ.

"ಲೋ, ಇವರೂ ನಮ್ಮ ಥರಾನೇ ತಾಳ ತಪ್ತಾರಲ್ಲೋ!" ಅಂದ. ಆಮೇಲೆ ಕೇಳಿದ: "ನಿನ್ನ ಡ್ರಮ್ಸ್ ಏನಾಯ್ತೋ?"

ಅಟ್ಟದ ಮೇಲಿದೆ ಅಂದೆ. ಮಾರಿ ಮೂರು ವರ್ಷ ಆಯಿತು.