ಹಂಗಾಮು ಮುಗಿದ ಮೇಲಿನ ಲೆಕ್ಕ

ಮಿರಜದಿಂದ ಬೆಳಗಾವಿಯತ್ತ ಹೊರಟ ರೈಲು ಮಹಾರಾಷ್ಟ್ರದ ಗಡಿ ದಾಟಿ ಕರ್ನಾಟಕಕ್ಕೆ ಬಂದ ಸ್ವಲ್ಪ ಹೊತ್ತಿಗೆಲ್ಲ ಸಿಗುವ ಊರು ಶೇಡಬಾಳ. ಮೊದಲು ಅಥಣಿ ತಾಲ್ಲೂಕಿನಲ್ಲಿದ್ದ ಈ ಊರು ಈಗ ಕಾಗವಾಡ ತಾಲ್ಲೂಕಿಗೆ ಸೇರಿದೆ. ಹಳಿಯ ಎರಡೂ ಬದಿಗೆ ಕಣ್ಣು ಹಾಯುವಷ್ಟು ದೂರ ಕಬ್ಬು. ಮುಂದೆ ಹೋದರೆ ಉಗಾರದ ಸಕ್ಕರೆ ಕಾರ್ಖಾನೆ, ಅದರಾಚೆ ಕೃಷ್ಣಾ ನದಿ, ಕುಡಚಿಯ ಸೇತುವೆ. ಜೈನ ಸಮಾಜದವರಿಗೆ ಶೇಡಬಾಳವೆಂದರೆ ಆಚಾರ್ಯ ವಿದ್ಯಾನಂದ ಮುನಿಗಳ ಜನ್ಮಸ್ಥಳ. 1925ರಲ್ಲಿ ಇಲ್ಲಿ ಹುಟ್ಟಿದ ಅವರು ನಾಡೆಲ್ಲ ಕಾಲ್ನಡಿಗೆಯಲ್ಲಿ ಸಂಚರಿಸಿ, 2019ರಲ್ಲಿ ದೆಹಲಿಯಲ್ಲಿ ದೇಹ ಬಿಟ್ಟರು.

ಗಡಿಯ ಊರಿಗೆ ಎರಡು ದಿಕ್ಕು. ದವಾಖಾನೆಗೆ, ಕಾಲೇಜಿಗೆ, ಮದುವೆಯ ಜವಳಿಗೆ ಮಿರಜ-ಸಾಂಗಲಿ ಹತ್ತಿರ. ಕಚೇರಿಯ ಕಾಗದಕ್ಕೆ ಬೆಳಗಾವಿ. ದೊಡ್ಡ ನೌಕರಿಗೆ, ದೊಡ್ಡ ಪರೀಕ್ಷೆಗೆ ಆರುನೂರು ಕಿಲೋಮೀಟರಿಗೂ ಆಚೆಯ ಬೆಂಗಳೂರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಕನ್ನಡವೂ ಉಂಟು ಮರಾಠಿಯೂ ಉಂಟು. ಹೀಗಿರುವಾಗ ಕ್ರಿಕೆಟ್‌ನಲ್ಲಿ ಯಾವ ತಂಡ ತಮ್ಮದು, ಮುಂಬೈಯೋ ಬೆಂಗಳೂರೋ ಎಂಬ ಜಗಳ ಇಂಥ ಊರಿನ ಹುಡುಗರಲ್ಲಿ ಸಹಜ.

2023ರ ಫೆಬ್ರುವರಿ 13ರಂದು ಈ ಜಗಳಕ್ಕೆ ಒಂದು ವಿಚಿತ್ರ ಉತ್ತರ ಸಿಕ್ಕಿತು. ಅಂದು ಮುಂಬೈಯಲ್ಲಿ ಮಹಿಳೆಯರ ಪ್ರೀಮಿಯರ್ ಲೀಗ್‌ನ ಮೊದಲ ಹರಾಜು. ಕೂಗಿದ ಮೊದಲ ಹೆಸರೇ ಸಾಂಗಲಿಯಲ್ಲಿ ಬೆಳೆದ ಸ್ಮೃತಿ ಮಂಧಾನ ಅವರದು. 50 ಲಕ್ಷದಿಂದ ಆರಂಭವಾದ ಸವಾಲು ಮುಂಬೈ ಮತ್ತು ಬೆಂಗಳೂರು ತಂಡಗಳ ಹಟದಲ್ಲಿ ಏರುತ್ತ ಹೋಗಿ 3 ಕೋಟಿ 40 ಲಕ್ಷಕ್ಕೆ ನಿಂತಿತು. ಗೆದ್ದದ್ದು ಬೆಂಗಳೂರು. ಸಾಂಗಲಿಯ ಹುಡುಗಿ ಬೆಂಗಳೂರಿನ ನಾಯಕಿಯಾದರು. ಅವೆರಡೂ ಊರುಗಳ ನಡುವಿನ ರೈಲು ಹಾದಿಯ ಮೇಲೇ ಇರುವ ಶೇಡಬಾಳದವರು ಇಬ್ಬರನ್ನೂ ನಮ್ಮವರೆನ್ನಲು ಅಡ್ಡಿಯೇನಿದೆ?

ಹನ್ನೆರಡು ಕೋಟಿಯ ಸಂಸಾರ

ಹರಾಜಿನ ನಿಯಮ ಸರಳ. ಐದು ತಂಡಗಳು, ಒಂದೊಂದಕ್ಕೆ 12 ಕೋಟಿ ರೂಪಾಯಿಯ ಮಿತಿ. ಮಾಲೀಕರು ಎಷ್ಟೇ ಸಿರಿವಂತರಾಗಿರಲಿ, ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಖರ್ಚು ಮಾಡುವಂತಿಲ್ಲ. ಬೆಂಗಳೂರು ತಂಡವನ್ನು ಪಡೆಯಲು ಮಾಲೀಕರು ಕೊಟ್ಟ ಬೆಲೆ 901 ಕೋಟಿ. ಆದರೆ ಹರಾಜಿನ ಮೇಜಿಗೆ ಕುಳಿತಾಗ ಅವರೂ ಸಂಬಳ ಎಣಿಸಿ ಸಂತೆ ಮಾಡುವ ಗೃಹಸ್ಥರೇ.

ಮೊದಲ ವರ್ಷ ಬೆಂಗಳೂರು ಮಾಡಿದ ಖರೀದಿ ಹೀಗಿತ್ತು: ಮಂಧಾನ 3.40 ಕೋಟಿ, ರಿಚಾ ಘೋಷ್ 1.90 ಕೋಟಿ, ಆಸ್ಟ್ರೇಲಿಯಾದ ಎಲಿಸ್ ಪೆರಿ 1.70 ಕೋಟಿ, ರೇಣುಕಾ ಸಿಂಗ್ 1.50 ಕೋಟಿ. ನಾಲ್ವರಿಗೆ ಎಂಟೂವರೆ ಕೋಟಿ. ಉಳಿದ 14 ಮಂದಿಯನ್ನು 3 ಕೋಟಿ 40 ಲಕ್ಷದೊಳಗೆ, ಅಂದರೆ ನಾಯಕಿಯೊಬ್ಬರ ಬೆಲೆಯಲ್ಲಿ ಹೊಂದಿಸಲಾಯಿತು. ಹರಾಜಿನ ರಾತ್ರಿ ಅಭಿಮಾನಿಗಳು ಇದನ್ನೇ ಅತ್ಯಂತ ಬಲವಾದ ತಂಡವೆಂದು ಕೊಂಡಾಡಿದರು.

ಮೈದಾನದಲ್ಲಿ ಆದದ್ದು ಬೇರೆ. ಮೊದಲ ಪಂದ್ಯದಲ್ಲೇ ಡೆಲ್ಲಿ ಎರಡು ವಿಕೆಟ್‌ಗೆ 223 ರನ್ ಹೊಡೆಯಿತು. ಗುಜರಾತ್ 201 ಹೊಡೆಯಿತು. ಸಾಲಾಗಿ ಐದು ಸೋಲು. ಎಂಟು ಪಂದ್ಯಗಳಲ್ಲಿ ಎರಡೇ ಗೆಲುವು, ಐದು ತಂಡಗಳಲ್ಲಿ ನಾಲ್ಕನೆಯ ಸ್ಥಾನ. ಮಂಧಾನ ಅವರ ಬ್ಯಾಟಿನಿಂದ ಬಂದದ್ದು ಒಟ್ಟು 149 ರನ್, ಒಂದೂ ಅರ್ಧಶತಕವಿಲ್ಲ. ಕೊಂಡಾಡಿದವರೇ ತಿರುಗಿ ಬಿದ್ದರು. ನಾಯಕಿಯನ್ನು ಬದಲಿಸಿ ಎಂದು ಕೆಲವರು, ಅರ್ಧ ತಂಡವನ್ನೇ ಕಿತ್ತು ಹಾಕಿ ಎಂದು ಕೆಲವರು.

ಕಾರ್ಖಾನೆ ನಿಂತಾಗಿನ ಕೆಲಸ

ಕಬ್ಬಿನ ಸೀಮೆಯವರಿಗೆ ಇಂಥ ಹೊತ್ತಿನ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ನುರಿಸುವ ಹಂಗಾಮು ಚಳಿಗಾಲಕ್ಕೆ ಮುಂಚೆ ಆರಂಭವಾಗಿ ಬೇಸಿಗೆಗೆ ಮುಗಿಯುತ್ತದೆ. ಚಿಮಣಿಯ ಹೊಗೆ ನಿಂತಿತೆಂದರೆ ಕಾರ್ಖಾನೆ ಮಲಗಿತೆಂದು ಹೊರಗಿನವರು ತಿಳಿಯುತ್ತಾರೆ. ಒಳಗೆ ರೋಲರ್ ಬಿಚ್ಚಿ, ಬಾಯ್ಲರ್ ತೊಳೆದು, ಸವೆದ ಭಾಗ ತೆಗೆದು ಹೊಸದು ಕೂಡಿಸುವ ಕೆಲಸ ನಡೆದಿರುತ್ತದೆ. ಕಬ್ಬು ಕಡಿಯುವ ಗ್ಯಾಂಗುಗಳಿಗೆ ಟ್ರ್ಯಾಕ್ಟರ್ ಮಾಲೀಕರು ಮುಂಗಡ ಕೊಡುವುದೂ ಆ ತಿಂಗಳುಗಳಲ್ಲೇ. ಎಷ್ಟು ಕೊಟ್ಟೆ ಎನ್ನುವುದಕ್ಕಿಂತ ಯಾರಿಗೆ ಕೊಟ್ಟೆ ಎನ್ನುವುದೇ ಅಲ್ಲಿ ಮುಖ್ಯ. ಮುಂಗಡ ಪಡೆದ ಗ್ಯಾಂಗು ಹಂಗಾಮಿಗೆ ಬರದಿದ್ದರೆ ಹೊಲದಲ್ಲಿ ಕಬ್ಬು ಒಣಗುತ್ತದೆ.

ಬೆಂಗಳೂರು ತಂಡವೂ 2023ರ ಕೊನೆಯ ತಿಂಗಳುಗಳಲ್ಲಿ ಇದೇ ಬಗೆಯ ರಿಪೇರಿಗೆ ಕುಳಿತಿತು. ತರಬೇತುದಾರರನ್ನು ಬದಲಿಸಿ ಆಸ್ಟ್ರೇಲಿಯಾದ ಲ್ಯೂಕ್ ವಿಲಿಯಮ್ಸ್ ಅವರನ್ನು ಕರೆತಂದಿತು. ನಾಯಕಿಯನ್ನು ಬದಲಿಸಲಿಲ್ಲ. ದುಬಾರಿ ಬೆಲೆಯ ನಾಲ್ವರನ್ನೂ ಬಿಡಲಿಲ್ಲ. ಏಳು ಮಂದಿಯನ್ನು ಬಿಟ್ಟಿತು. ಅವರಲ್ಲಿ ಹೆಚ್ಚಿನವರು ಬೌಲರ್‌ಗಳು. ಆ ವರ್ಷ ಮಿತಿಯನ್ನು 13.5 ಕೋಟಿಗೆ ಏರಿಸಿದ್ದರು. ಬಿಟ್ಟವರಿಂದ ಉಳಿದ 1.75 ಕೋಟಿ, ಮಿತಿ ಏರಿದ್ದರಿಂದ ಬಂದ 1.50 ಕೋಟಿ, ಹಿಂದಿನ ವರ್ಷ ಖರ್ಚಾಗದೆ ಉಳಿದಿದ್ದ 10 ಲಕ್ಷ, ಹೀಗೆ ಕೈಯಲ್ಲಿದ್ದದ್ದು 3 ಕೋಟಿ 35 ಲಕ್ಷ.

ಡಿಸೆಂಬರ್ 9ರ ಹರಾಜಿನಲ್ಲಿ ಅನ್ನಾಬೆಲ್ ಸದರ್ಲೆಂಡ್ ಮತ್ತು ಕಾಶ್ವಿ ಗೌತಮ್ ತಲಾ 2 ಕೋಟಿಗೆ ಬೇರೆ ತಂಡಗಳ ಪಾಲಾದರು. ಬೆಂಗಳೂರಿನ ವೃಂದಾ ದಿನೇಶ್ 1.30 ಕೋಟಿಗೆ ಯುಪಿ ತಂಡಕ್ಕೆ ಹೋದರು. ಬೆಂಗಳೂರು ತಂಡ ಏಕ್ತಾ ಬಿಷ್ಟ್ ಅವರಿಗೆ 60 ಲಕ್ಷ, ಜಾರ್ಜಿಯಾ ವೇರ್‌ಹ್ಯಾಮ್ ಅವರಿಗೆ 40 ಲಕ್ಷ, ಸೋಫಿ ಮೊಲಿನ್ಯೂ, ಕೇಟ್ ಕ್ರಾಸ್, ಎಸ್. ಮೇಘನಾ, ಸಿಮ್ರನ್ ಬಹಾದುರ್ ಅವರಿಗೆ ತಲಾ 30 ಲಕ್ಷ, ಕರ್ನಾಟಕದ ಶುಭಾ ಸತೀಶ್ ಅವರಿಗೆ 10 ಲಕ್ಷ ಕೊಟ್ಟಿತು. ಏಳರಲ್ಲಿ ಮೂವರು ಸ್ಪಿನ್ ಬೌಲರ್‌ಗಳು. ಒಟ್ಟು ಖರ್ಚು 2.30 ಕೋಟಿ. 1 ಕೋಟಿ 5 ಲಕ್ಷ ಚೀಲದಲ್ಲೇ ಉಳಿಯಿತು.

ಅಭಿಮಾನಿಗಳಿಗೆ ಸಿಟ್ಟು ಬಂದದ್ದು ಇಲ್ಲಿಯೇ. ಚಹಾದ ಅಂಗಡಿಯ ಮುಂದೆ ಇಂಥ ವಾದ ಈ ಭಾಗದ ಮಾತಿನಲ್ಲಿ ನಡೆದರೆ ಹೀಗಿರುತ್ತದೆ:

"ಕಾಕಾ, ಒಂದ ಕೋಟಿ ಮ್ಯಾಲ ರೊಕ್ಕ ಹಂಗ ಉಳಿಸ್ಯಾರ. ಊರ ಹುಡಿಗೀನ್ನೂ ಬಿಟ್ಟರು. ಇಟಗೊಂಡು ಏನ್ ಮಾಡ್ತಾರ್ರೀ?"

"ಕಿಸೆದಾಗ ರೊಕ್ಕ ಐತೆಂತ ಸಂತ್ಯಾಗ ಎಲ್ಲಾ ಖರ್ಚ್ ಮಾಡಬೇಕಂತ ಎಲ್ಲೈತೋ ತಮ್ಮಾ? ಬೇಕಾದ್ದು ಸಿಕ್ಕತಿಲ್ಲೋ, ಅದನ್ನ ನೋಡು."

ಇಬ್ಬರ ಮಾತಿನಲ್ಲೂ ಹುರುಳಿದೆ. ಸೋತು ಬಂದ ತಂಡ ಹಣ ಉಳಿಸಿಕೊಂಡರೆ ನಂಬಿದವರಿಗೆ ನೋವಾಗುವುದು ನ್ಯಾಯವೇ. ಊರಿನ ಪ್ರತಿಭೆ ಊರಿನ ತಂಡದಲ್ಲಿರಲಿ ಎಂಬ ಆಸೆಯೂ ತಪ್ಪಲ್ಲ. ಆದರೆ ಹರಾಜಿನಲ್ಲಿ ಬೆಲೆ ಏರುವುದು ಆಟಗಾರ್ತಿಯ ಯೋಗ್ಯತೆಯಿಂದ ಮಾತ್ರವಲ್ಲ, ಎದುರಿಗೆ ಕುಳಿತವರ ಹಟದಿಂದಲೂ. ಆ ವರ್ಷ ಕಾಶ್ವಿ ಗಾಯದಿಂದಾಗಿ ಇಡೀ ಹಂಗಾಮು ಆಡಲಾಗಲಿಲ್ಲ. ವೃಂದಾ ನಡುವೆಯೇ ಗಾಯಗೊಂಡು ಹೊರನಡೆದರು. ಅದು ಅವರ ತಪ್ಪಲ್ಲ. ಕಾಶ್ವಿ ಮುಂದೆ 2025ರಲ್ಲಿ ಭಾರತ ತಂಡಕ್ಕೂ ಆಡಿದರು. ಹರಾಜಿನ ದಿನ ಇದನ್ನು ಯಾರೂ ಬಲ್ಲವರಾಗಿರಲಿಲ್ಲ. ಖರೀದಿ ಎಂದರೇ ಹಾಗೆ.

ಐವತ್ತು ಲಕ್ಷದ ಮೂವರು

2024ರ ಹಂಗಾಮಿನಲ್ಲಿ ಲೆಕ್ಕ ತಾಳೆಯಾಯಿತು. ಹಿಂದಿನ ವರ್ಷ ಬರೀ 10 ಲಕ್ಷಕ್ಕೆ ಕೊಂಡಿದ್ದ ಕೇರಳದ ಆಶಾ ಶೋಭನಾ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಯುಪಿ ವಿರುದ್ಧ 22 ರನ್‌ಗೆ ಐದು ವಿಕೆಟ್ ಕಿತ್ತರು. ಮುಂಬೈ ವಿರುದ್ಧದ ಎಲಿಮಿನೇಟರ್‌ನಲ್ಲಿ ಕೊನೆಯ ಓವರ್‌ಗೆ 12 ರನ್ ಬೇಕಿದ್ದಾಗ ಚೆಂಡು ಹಿಡಿದವರೂ ಅವರೇ. ಗೆಲುವು ಐದು ರನ್‌ನದು.

ಮಾರ್ಚ್ 17ರಂದು ದೆಹಲಿಯಲ್ಲಿ ಫೈನಲ್. ಡೆಲ್ಲಿ ವಿಕೆಟ್ ನಷ್ಟವಿಲ್ಲದೆ ಓಡುತ್ತಿತ್ತು. ಆಗ ಮೊಲಿನ್ಯೂ ಒಂದೇ ಓವರಿನಲ್ಲಿ ಮೂವರನ್ನು ಔಟ್ ಮಾಡಿದರು. ಕಲಬುರಗಿ ಮೂಲದ ಶ್ರೇಯಾಂಕಾ ಪಾಟೀಲ 12 ರನ್‌ಗೆ ನಾಲ್ಕು, ಆಶಾ ಎರಡು ವಿಕೆಟ್ ಪಡೆದರು. ಒಂದು ರನ್ ಔಟ್. ಡೆಲ್ಲಿ 113ಕ್ಕೆ ಮುಗಿಯಿತು. ಬೆಂಗಳೂರು ಎಂಟು ವಿಕೆಟ್‌ಗಳಿಂದ ಗೆದ್ದಿತು. ಹದಿನಾರು ವರ್ಷದಿಂದ ಪುರುಷರ ತಂಡಕ್ಕೆ ಒಲಿಯದಿದ್ದ ಕಪ್ಪು ಹೆಣ್ಣುಮಕ್ಕಳ ಕೈಗೆ ಎರಡನೆಯ ಪ್ರಯತ್ನಕ್ಕೇ ಬಂತು.

ವಿದ್ಯಾರ್ಥಿಗಳು ಗಮನಿಸಬೇಕಾದ ಲೆಕ್ಕ ಇಲ್ಲಿದೆ. ಫೈನಲ್‌ನಲ್ಲಿ ಬೌಲರ್‌ಗಳ ಹೆಸರಿಗೆ ಬಂದ ಒಂಬತ್ತೂ ವಿಕೆಟ್ ಈ ಮೂವರವು. ಅವರ ಒಟ್ಟು ಬೆಲೆ 10, 10 ಮತ್ತು 30 ಕೂಡಿ 50 ಲಕ್ಷ. ಹಂಗಾಮಿನಲ್ಲಿ ಮೂವರೂ ಸೇರಿ ಕಿತ್ತದ್ದು 37 ವಿಕೆಟ್. ಹಾಗೆಂದು ದುಬಾರಿ ಬೆಲೆಯವರು ಸುಮ್ಮನಿರಲಿಲ್ಲ. ಪೆರಿ 347 ರನ್ ಹೊಡೆದು ಲೀಗ್‌ಗೇ ಮೊದಲಿಗರಾದರು. ಹಿಂದಿನ ವರ್ಷ ಬೈಸಿಕೊಂಡ ಮಂಧಾನ 300 ರನ್ ಹೊಡೆದರು. ಗೆಲುವಿನ ಹೊಡೆತ ರಿಚಾ ಅವರದು. ಹೆಸರು ಮಾಡಿದವರ ಮೇಲೆ ತಾಳ್ಮೆ, ಕೊರತೆಯಿದ್ದ ಕಡೆ ಅಗ್ಗದ ಸರಿಯಾದ ಆಯ್ಕೆ: ತಂಡವನ್ನು ಕಟ್ಟಿದ್ದು ಇವೆರಡೂ ಸೇರಿ.

ಆದರೂ ಈ ಲೆಕ್ಕಕ್ಕೆ ಒಂದು ಮಿತಿಯಿದೆ. 2025ರ ಹಂಗಾಮಿಗೆ ಶ್ರೇಯಾಂಕಾ, ಆಶಾ, ಮೊಲಿನ್ಯೂ ಮೂವರೂ ಗಾಯದಿಂದ ದೂರ ಉಳಿದರು. ತಂಡ ಎಂಟರಲ್ಲಿ ಮೂರು ಪಂದ್ಯ ಗೆದ್ದು ಮತ್ತೆ ನಾಲ್ಕನೆಯ ಸ್ಥಾನಕ್ಕೆ ಇಳಿಯಿತು. ಒಳ್ಳೆಯ ಬೀಜ ಬಿತ್ತಿದ ಮಾತ್ರಕ್ಕೆ ಮಳೆ ಹೇಳಿದ ಮಾತು ಕೇಳುವುದಿಲ್ಲ. ಹೀಗಿದ್ದೂ 2025ರ ನವೆಂಬರ್‌ನಲ್ಲಿ ಹೊಸ ದೊಡ್ಡ ಹರಾಜಿಗೆ ಮುಂಚೆ ತಂಡ ಉಳಿಸಿಕೊಂಡ ನಾಲ್ವರಲ್ಲಿ ಮಂಧಾನ, ರಿಚಾ, ಪೆರಿ ಜೊತೆಗೆ ಶ್ರೇಯಾಂಕಾ ಇದ್ದರು. 10 ಲಕ್ಷದ ಹುಡುಗಿಯ ಬೆಲೆ ಈಗ 60 ಲಕ್ಷವಾಗಿತ್ತು.

ಮನೆಯ ಲೆಕ್ಕ

ಇಷ್ಟು ಓದಿದ ತಾಯಿತಂದೆಯರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳಬಹುದು: ಮಗಳ ಕೈಗೂ ಬ್ಯಾಟು ಕೊಡೋಣವೇ? ಕೊಡಬೇಕು, ಲೆಕ್ಕ ತಿಳಿದು ಕೊಡಬೇಕು. 2023ರ ಡಿಸೆಂಬರ್ ಹರಾಜಿನ ಪಟ್ಟಿಯಲ್ಲಿದ್ದ ಹೆಸರು 165. ಖಾಲಿಯಿದ್ದ ಜಾಗ 30. ಆ ಪಟ್ಟಿಗೆ ಸೇರುವ ಮೊದಲೇ ಜಿಲ್ಲೆ, ವಲಯ, ರಾಜ್ಯಗಳ ಜರಡಿಯಲ್ಲಿ ಉಳಿದುಹೋದವರನ್ನು ಯಾರೂ ಎಣಿಸುವುದಿಲ್ಲ. ಶೇಡಬಾಳದಂಥ ಊರಿನ ಹುಡುಗಿಗೆ ಇನ್ನೊಂದು ತೊಡಕು: ಹತ್ತಿರದ ದೊಡ್ಡ ಊರು ಮಹಾರಾಷ್ಟ್ರದಲ್ಲಿ, ಆದರೆ ಬೆಳಗಾವಿ ಜಿಲ್ಲೆ ಸೇರುವುದು ಕರ್ನಾಟಕ ಕ್ರಿಕೆಟ್ ಸಂಸ್ಥೆಯ ಧಾರವಾಡ ವಲಯಕ್ಕೆ. ಅಭ್ಯಾಸ ಒಂದು ದಿಕ್ಕಿಗೆ, ಆಯ್ಕೆ ಇನ್ನೊಂದು ದಿಕ್ಕಿಗೆ.

ಮಂಧಾನ ಅವರ ಬದುಕೇ ಇದಕ್ಕೆ ದೊಡ್ಡ ಪಾಠ. ಅಣ್ಣನ ಆಟ ನೋಡಿ ಬ್ಯಾಟು ಹಿಡಿದ ಅವರು 9ನೆಯ ವಯಸ್ಸಿಗೆ ಮಹಾರಾಷ್ಟ್ರದ 15 ವರ್ಷದೊಳಗಿನವರ ತಂಡಕ್ಕೆ ಆಯ್ಕೆಯಾದರು. ಬೆಂಗಳೂರು ತಂಡ ಅವರನ್ನು ಕೊಂಡಾಗ ಅವರಿಗೆ 26 ವರ್ಷ. ಹರಾಜಿನ ಮಂಟಪದಲ್ಲಿ ಕೆಲವೇ ಕ್ಷಣದಲ್ಲಿ ಕೂಗಿ ಮುಗಿಸಿದ ಬೆಲೆಯ ಹಿಂದೆ ಹದಿನೇಳು ವರ್ಷ ಮನೆಯವರು ಯಾವ ಹರಾಜೂ ಇಲ್ಲದೆ ಹಾಕಿದ ಬಂಡವಾಳವಿತ್ತು. ಆಶಾ ಶೋಭನಾ ಕಾದದ್ದು ಇನ್ನೂ ಹೆಚ್ಚು. ಭಾರತದ ಅಂಗಿ ತೊಟ್ಟಾಗ ಅವರಿಗೆ 33.

ಮುಂದಿನ ಹರಾಜು ಬಂದಾಗ ಮನೆಯಲ್ಲಿ ಒಂದು ಆಟ ಆಡಬಹುದು. ಮಕ್ಕಳು ಒಂದು ಹಾಳೆಯಲ್ಲಿ ತಂಡದ ಕೈಯಲ್ಲಿರುವ ಹಣ, ಖಾಲಿ ಇರುವ ಜಾಗ, ಕೊರತೆಯಿರುವ ಕೆಲಸ ಬರೆದುಕೊಂಡು ತಾವೇ ತಂಡ ಕಟ್ಟಲಿ. ಹಿರಿಯರು ಎದುರು ಕುಳಿತು ಸವಾಲು ಏರಿಸಲಿ. ಯಾವ ಹೆಸರಿಗೆ ಕೈ ಎತ್ತಬೇಕು, ಎಲ್ಲಿ ಕೈ ಇಳಿಸಬೇಕು ಎಂಬುದು ಅರ್ಧ ತಾಸಿನಲ್ಲಿ ತಿಳಿದುಬರುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಕಷ್ಟವೆಂಬುದೂ ತಿಳಿಯುತ್ತದೆ.