ಸ್ಟೀಲಿನ ಮೇಲಿನ ಬೆರಳಚ್ಚು

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಮುರಿಯುವ ದಿನಗಳಲ್ಲಿ ಮನೆಮಂದಿಯ ಕೈಗೆಲ್ಲ ಕಪ್ಪು ಅಂಟು. ಹೊಲದಿಂದ ಬಂದವರು ಸ್ಟೀಲಿನ ಕೊಡ ಮುಟ್ಟಿದರೆ ಐದು ಬೆರಳೂ ಅದರ ಮೇಲೆ ಮೂಡುತ್ತವೆ. ಎಲೆಯ ರಾಳ ಬರೀ ನೀರಿಗೆ ಕರಗುವಂಥದ್ದಲ್ಲ. ಆಗ ಅಜ್ಜಿ ಹುಡುಕುವುದು ಬೂದಿ, ಉಪ್ಪು, ಹುಣಸೆಹಣ್ಣು. ಸೊಸೆಯ ಕೈಗೆ ಸಿಗುವುದು ಕಬ್ಬಿಣದ ನಾರು. ಇಬ್ಬರೂ ಬಲವಾಗಿ ತಿಕ್ಕುತ್ತಾರೆ. ಅಂಟು ಹೋಗುತ್ತದೆ ನಿಜ. ಅದರ ಜೊತೆಗೆ, ಮದುವೆಗೆ ಹೆಸರು ಕೊರೆಸಿ ಕೊಟ್ಟ ಕೊಡದ ಹೊಳಪೂ ಹೋಗುತ್ತದೆ.

ಅಜ್ಜಿಯದು ಹಿತ್ತಾಳೆಯ ಕಾಲದ ವಿದ್ಯೆ. ಆ ಲೋಹಕ್ಕೆ ಅದು ಸರಿಯಾದ ವಿದ್ಯೆಯೇ. ಹಿತ್ತಾಳೆಯನ್ನು ಮಂಕಾಗಿಸುವುದು ಅದರ ಮೇಲೆ ಕೂರುವ ಆಕ್ಸೈಡು. ಹುಣಸೆಯ ಟಾರ್ಟಾರಿಕ್ ಆಮ್ಲ ಅದನ್ನು ಕರಗಿಸುತ್ತದೆ. ಸ್ಟೀಲಿನ ಲೆಕ್ಕ ತಿರುವುಮುರುವು. ಅಲ್ಲಿ ಆಕ್ಸೈಡೇ ಕಾವಲುಗಾರ. ತುಕ್ಕು ಹಿಡಿಯದ ಉಕ್ಕಿನಲ್ಲಿ ಶೇಕಡ 10.5ಕ್ಕೆ ಕಡಿಮೆಯಿಲ್ಲದಷ್ಟು ಕ್ರೋಮಿಯಂ ಇರುತ್ತದೆ. ಅದು ಗಾಳಿಯ ಆಮ್ಲಜನಕದೊಡನೆ ಸೇರಿ ಮೇಲೊಂದು ಪೊರೆ ಕಟ್ಟುತ್ತದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅಂಥ ಎರಡು ಮೂರು ಪಾಲಿನಷ್ಟೇ ಅದರ ದಪ್ಪ! ಗೀರಿದರೂ ಪೊರೆ ಮತ್ತೆ ಕೂಡಿಕೊಳ್ಳುತ್ತದೆ. ಆದರೆ ಗೀರಿನೊಳಗೆ ಕಬ್ಬಿಣದ ನಾರಿನ ಪುಡಿ ಉಳಿದರೆ ಅದು ತುಕ್ಕಾಗುತ್ತದೆ. ಉಪ್ಪು ರಾತ್ರಿಯಿಡೀ ಹಾಗೇ ಉಳಿದರೆ ಅದರ ಕ್ಲೋರೈಡು ಸಣ್ಣ ಸಣ್ಣ ಗುಳಿ ತೋಡಬಹುದು. ಬೈಸಿಕೊಳ್ಳುವವನು ಮಾತ್ರ ಪಾತ್ರೆ ಅಂಗಡಿಯವನು!

ಬೆರಳಚ್ಚು ಎಂದರೆ ಬೆವರಿನ ಉಪ್ಪು ಮತ್ತು ಚರ್ಮದ ಜಿಡ್ಡು, ಅಷ್ಟೇ. ಉಗುರುಬೆಚ್ಚನೆಯ ನೀರಿಗೆ ಪಾತ್ರೆ ತೊಳೆಯುವ ಸೋಪಿನ ನಾಲ್ಕು ಹನಿ, ಒಂದು ಮೆತ್ತನೆಯ ಬಟ್ಟೆ. ಇದಕ್ಕಿಂತ ಹೆಚ್ಚೇನೂ ಬೇಡ. ಸ್ಟೀಲಿನಲ್ಲಿ ನವಿರು ಗೆರೆಗಳಿದ್ದರೆ ಅವುಗಳ ಉದ್ದಕ್ಕೇ ಒರೆಸಬೇಕು. ಹೊಗೆಸೊಪ್ಪಿನ ಅಂಟಿಗೆ ಮೊದಲು ಒಂದು ತೊಟ್ಟು ಅಡುಗೆ ಎಣ್ಣೆ ಸವರಿ, ಆಮೇಲೆ ಸೋಪು ಹಾಕಿ ನೋಡಬಹುದು. ಕೊನೆಗೆ ಒಣಬಟ್ಟೆಯಿಂದ ಒರೆಸುವುದನ್ನು ಬಹಳ ಮಂದಿ ಮರೆಯುತ್ತಾರೆ. ಬೋರ್‌ವೆಲ್ ನೀರು ತಾನಾಗಿ ಆರಿದರೆ ಸುಣ್ಣದ ಬಿಳಿ ಕಲೆ ನಿಲ್ಲುತ್ತದೆ. ಅಜ್ಜಿಯ ಹುಣಸೆಗೆ ಕೆಲಸವಿರುವುದು ಆ ಕಲೆಯ ಮೇಲೆ. ಹುಣಸೆರಸವನ್ನು ತೆಳ್ಳಗೆ ಹಚ್ಚಿ, ಕೂಡಲೇ ತೊಳೆದುಬಿಡಬೇಕು. ಫ್ರಿಜ್ಜಿನ ಬಾಗಿಲಿಗೆ ಅದೂ ಬೇಡ. ಹಲವು ಫ್ರಿಜ್ಜುಗಳಲ್ಲಿ ಸ್ಟೀಲಿನ ಮೇಲೆ ತೆಳು ಲೇಪನವಿರುತ್ತದೆ. ಒಲೆಯಾದರೆ ಆರಿದ ಮೇಲೆ ಕೈಹಚ್ಚಬೇಕು.

ಮಕ್ಕಳಿರುವ ಮನೆಯವರು ಇನ್ನೊಂದನ್ನು ಗಮನಿಸಬೇಕು. ಹಟಮಾರಿ ಕಲೆಯೆಂದು ಬ್ಲೀಚಿಂಗ್ ಪೌಡರನ್ನೂ ಆಸಿಡ್ಡನ್ನೂ ಒಟ್ಟಿಗೆ ಸುರಿಯುವವರಿದ್ದಾರೆ. ಅದರಿಂದ ಏಳುವುದು ಕ್ಲೋರಿನ್ ಅನಿಲ. ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಅದು ಉಸಿರಿಗೇ ಕುತ್ತು.