ಶುಕ್ರವಾರ ಬಿಟ್ಟು ಹೋದ ಲೂಪ್

ನಾವು ಮೂರು ಜನ. ನಾಲ್ಕನೇ ಸೆಮ್ ಮಿನಿ ಪ್ರಾಜೆಕ್ಟ್‌ಗೆ ಟೈಮ್‌ಟೇಬಲ್ ಹಾಕುವ ಪೈಥಾನ್ ಸ್ಕ್ರಿಪ್ಟ್ ಬರೆದಿದ್ದೆವು. ಐಡಿಯಾ ಸಿಂಪಲ್. ಕ್ಲಾಸುಗಳನ್ನು ಶಫಲ್ ಮಾಡು. ಒಬ್ಬರೇ ಲೆಕ್ಚರರ್, ಇಲ್ಲಾ ಒಂದೇ ರೂಮು, ಒಂದೇ ಪೀರಿಯಡ್‌ಗೆ ಎರಡು ಸಲ ಬಂದರೆ ಮತ್ತೆ ಶಫಲ್ ಮಾಡು. ಕ್ಲಾಶ್ ಸೊನ್ನೆ ಆಗೋ ತನಕ ಬಿಡಬೇಡ. ನಮ್ಮ ಸೆಕ್ಷನ್‌ಗೆ 4 ಸೆಕೆಂಡಲ್ಲಿ ಮುಗೀತು. ಖುಷಿಯಲ್ಲಿ ಇಡೀ ಡಿಪಾರ್ಟ್‌ಮೆಂಟಿನ ಡೇಟಾ ಕೊಟ್ಟು, ಶುಕ್ರವಾರ ಸಂಜೆ ಲ್ಯಾಬ್ ಸರ್ವರ್‌ನಲ್ಲಿ ಓಡಿಸಿ, ಊರಿನ ಬಸ್ ಹತ್ತಿದೆವು.

ಸೋಮವಾರ ಬಂದಾಗ ಸರ್ವರ್ ಡಿಸ್ಕ್ ತುಂಬಿತ್ತು. ಪ್ರತಿ ಶಫಲ್‌ಗೂ ಒಂದು ಸಾಲು ಲಾಗ್ ಬರೆಯಲು ಹೇಳಿದ್ದೆವಲ್ಲ, ಅದು ಶನಿವಾರ ರಾತ್ರಿವರೆಗೂ ಬರೆದೇ ಬರೆದಿತ್ತು. ಜಾಗ ಮುಗಿದ ಮೇಲೆ ಅದೂ ಸತ್ತಿತ್ತು. ಜೊತೆಗೆ ಫೈನಲ್ ಇಯರ್ ಅಕ್ಕ ಒಬ್ಬರ ಮಾಡೆಲ್ ಟ್ರೇನಿಂಗೂ ಸೇವ್ ಮಾಡಲು ಜಾಗವಿಲ್ಲದೆ ನಿಂತುಹೋಗಿತ್ತು. ಅವರಿಗೆ ಬುಧವಾರ ರಿವ್ಯೂ.

ಲಾಗಿನ್ ಎಲ್ಲರಿಗೂ ಒಂದೇ, ಫೈಲ್ ಹೆಸರು ‘ಟೆಸ್ಟ್2’. ಲ್ಯಾಬ್‌ನವರು ಅದನ್ನು ಡಿಲೀಟ್ ಮಾಡಿದರು. ಯಾರದ್ದು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಊಟದ ತನಕ ನಾವೂ ಸುಮ್ಮನಿದ್ದೆವು. ಆದರೆ ಕ್ಯಾಂಟೀನಿನ ರೈಸ್‌ಬಾತ್ ಗಂಟಲಲ್ಲಿ ಇಳೀಲಿಲ್ಲ. ಎದ್ದು ಹೋಗಿ ಹೇಳಿದೆವು, “ಅಕ್ಕಾ, ಅದು ನಮ್ದು.”

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಟೈಮ್‌ಔಟ್ ಹಾಕಿರ್ಲಿಲ್ವೇನ್ರೋ?” ಅಂದರು. ಹಾಗಂದ್ರೇನು ಅಂತಲೇ ನಮಗೆ ಗೊತ್ತಿರಲಿಲ್ಲ.

ಲಿನಕ್ಸ್‌ನಲ್ಲಿ ಅದು ಒಂದೇ ಪದ. ನಮ್ಮ ಕಮಾಂಡಿನ ಮುಂದೆ ‘ಟೈಮ್‌ಔಟ್’ ಅಂತ ಹಾಕಿ 20 ನಿಮಿಷ ಕೊಟ್ಟರೆ, ಅಷ್ಟು ಹೊತ್ತಾದ ಕೂಡಲೇ ಪ್ರೋಗ್ರಾಮಿಗೆ ‘ಟರ್ಮ್’ ಸಿಗ್ನಲ್ ಹೋಗುತ್ತದೆ: ಗಂಟುಮೂಟೆ ಕಟ್ಟು ಅಂತ. ಅದಕ್ಕೂ ಬಗ್ಗದಿದ್ದರೆ ‘ಕೆ’ ಆಪ್ಷನ್ ಇದೆ, ಇನ್ನಷ್ಟು ಸೆಕೆಂಡ್ ಕಾದು ‘ಕಿಲ್’ ಕಳಿಸುತ್ತದೆ. ಅದನ್ನು ಯಾವ ಪ್ರೋಗ್ರಾಮೂ ತಳ್ಳಿಹಾಕುವಂತಿಲ್ಲ. ಟರ್ಮ್‌ಗೇ ನಿಂತರೆ ಎಕ್ಸಿಟ್ ಕೋಡ್ 124 ಬರುತ್ತದೆ. ಕ್ರ್ಯಾಶ್ ಆಗಿದ್ದಲ್ಲ, ಟೈಮ್ ಮುಗಿದದ್ದು ಅಂತ ಗೊತ್ತಾಗುತ್ತದೆ.

ಲೂಪ್ ನಿಲ್ಲುತ್ತೋ ಇಲ್ವೋ ಮೊದಲೇ ಚೆಕ್ ಮಾಡೋಕಾಗಲ್ವಾ ಅಂತ ಕೇಳಿದೆವು. ಯಾವ ಪ್ರೋಗ್ರಾಂ ಕೊಟ್ಟರೂ ಅದನ್ನು ಸರಿಯಾಗಿ ಹೇಳುವ ಒಂದು ಪ್ರೋಗ್ರಾಂ ಇರಲು ಸಾಧ್ಯವೇ ಇಲ್ಲ ಅಂತ ಅಲನ್ ಟ್ಯೂರಿಂಗ್ 1936ರಲ್ಲೇ ತೋರಿಸಿದ್ದಾರಂತೆ. ಹಾಗಾಗಿ ಗಡಿಯಾರವೇ ಗತಿ.

ಆದರೆ ಹೊರಗಿನಿಂದ ಕಡಿದರೆ ನಮ್ಮ ಕೈಗೆ ಏನೂ ಸಿಗಲ್ಲ. ಅದಕ್ಕೆ ಲೂಪಿನ ಒಳಗೇ ಟೈಮ್ ನೋಡಿಕೊಂಡು, ಅಲ್ಲಿವರೆಗೆ ಸಿಕ್ಕಿದ್ದರಲ್ಲಿ ಒಳ್ಳೆಯದನ್ನು ಕೊಟ್ಟು ನಿಲ್ಲುವ ಹಾಗೆ ಬದಲಾಯಿಸಿದೆವು. ಎಷ್ಟು ಸಲ ಓಡಿಸಿದರೂ ಒಂದು ಲ್ಯಾಬ್ ರೂಮಿನ ಕ್ಲಾಶ್ ಮಾತ್ರ ಹೋಗಲೇ ಇಲ್ಲ. ನೋಡಿದರೆ, ಆ ರೂಮಿಗೆ ವಾರದಲ್ಲಿ ಇರೋ ಪೀರಿಯಡ್‌ಗಳಿಗಿಂತ 2 ಜಾಸ್ತಿ ನಾವೇ ಟೈಪ್ ಮಾಡಿದ್ದೆವು. ಉತ್ತರವೇ ಇಲ್ಲದ ಪ್ರಶ್ನೆ ಕೊಟ್ಟು ಊರಿಗೆ ಹೋಗಿದ್ದೆವು!

ಬುಧವಾರ ಅಕ್ಕ ಅರ್ಧ ರಿಸಲ್ಟ್ ಇಟ್ಟುಕೊಂಡೇ ರಿವ್ಯೂ ಕೊಟ್ಟರು. ಎಷ್ಟು ಮಾರ್ಕ್ಸ್ ಬಂತು ಅಂತ ಕೇಳೋ ಧೈರ್ಯ ನಮಗೆ ಇನ್ನೂ ಬಂದಿಲ್ಲ.

ವೀಕೆಂಡ್‌ಗೆ ನೀವೂ ಏನಾದ್ರೂ ಓಡಿಸಿ ಹೋಗೋದಾದ್ರೆ ಟೈಮ್‌ಔಟ್ ಹಾಕಿ. ಲಾಗ್ ಕಡಿಮೆ ಮಾಡಿ. ಫೈಲಿಗೆ ‘ಟೆಸ್ಟ್2’ ಅಂತ ಅಲ್ಲ, ನಿಮ್ಮ ಹೆಸರಿಡಿ.